ಪುಟ್ಟ ಇವತ್ತು ಯಾಕೆ ಬಂದಿಲ್ಲ?

ನನ್ನ ತಮ್ಮನಿಗೆ ಈಗ 31 ವರ್ಷ. ಮನೆಯಲ್ಲಿ, ಬೀದಿಯಲ್ಲಿ, ಕೆಲಸದ ಜಾಗದಲ್ಲಿ ಎಲ್ಲರಿಗೂ ಅವನು ಪುಟ್ಟನೇ. ಅವನಿಗೆ ಡೌನ್ ಸಿಂಡ್ರೋಮ್ ಇದೆ, ಹುಟ್ಟಿನಿಂದಲೇ ಬರುವ, ಕಲಿಕೆ ಮತ್ತು ಮಾತು ನಿಧಾನವಾಗುವ ಸ್ಥಿತಿ. ಮೈಸೂರಿನ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾನೆ. ಟವೆಲ್, ಬೆಡ್‌ಶೀಟ್, ದಿಂಬಿನ ಕವರ್ ಮಡಚಿ ಜೋಡಿಸುವ ಕೆಲಸ. ಮೂರು ವರ್ಷ ಆಯಿತು.

ಇಂಥ ಮಕ್ಕಳಿರುವ ಅಪ್ಪ ಅಮ್ಮಂದಿರು ಸಿಕ್ಕಾಗಲೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ‘ಯಾರ ಕೈಲಿ ಹೇಳಿಸಿದ್ರಿ?’ ಯಾರೋ ದೊಡ್ಡವರ ಪರಿಚಯ ಇದ್ದಿರಬೇಕು, ಇಲ್ಲದಿದ್ದರೆ ಪುಟ್ಟನಂಥವನಿಗೆ ಯಾರು ಕೆಲಸ ಕೊಡುತ್ತಾರೆ ಅನ್ನುವುದು ಅವರ ಲೆಕ್ಕ. ಅವರನ್ನು ದೂರುವುದಿಲ್ಲ, ನಾವೂ ಹಾಗೇ ಅಂದುಕೊಂಡಿದ್ದವರು. ಪರಿಚಯದಿಂದ ಒಂದು ಕೆಲಸ ಕೊಡಿಸಿಯೂ ಇದ್ದೆವು. ಅದರ ಕತೆ ಮೊದಲು ಹೇಳಬೇಕು, ಯಾಕೆಂದರೆ ಆಮೇಲಿನದೆಲ್ಲ ಅರ್ಥವಾಗುವುದು ಅದರಿಂದಲೇ.

ಅಪ್ಪನ ಪರಿಚಯದವರ ಒಂದು ಸಗಟು ಅಂಗಡಿ. ಪುಟ್ಟನಿಗೆ ಆಗ 24. ತಿಂಗಳಿಗೆ 3000 ರೂಪಾಯಿ. ಬೆಳಿಗ್ಗೆ ಹತ್ತಕ್ಕೆ ಅಪ್ಪ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದರು, ಸಂಜೆ ಐದಕ್ಕೆ ಕರೆದುಕೊಂಡು ಬರುತ್ತಿದ್ದರು. ನಾವೆಲ್ಲ ಎಷ್ಟು ಖುಷಿಪಟ್ಟೆವು ಅಂದರೆ ಅಮ್ಮ ಚಾಮುಂಡಿ ಬೆಟ್ಟಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದರು. ಅಂಗಡಿಯವರು ಒಳ್ಳೆಯವರೇ. ಗಲ್ಲಾದ ಪಕ್ಕ ಒಂದು ಸ್ಟೂಲ್ ಹಾಕಿ ಕೂರಿಸಿದ್ದರು. ‘ಪಾಪ, ಕೂತಿರಲಿ ಬಿಡಿ’ ಅನ್ನುತ್ತಿದ್ದರು. ಮಧ್ಯಾಹ್ನ ಟೀ ತರೋಕೆ ಕಳಿಸುತ್ತಿದ್ದರು, ಅದೂ ಜೊತೆಗೆ ಇನ್ನೊಬ್ಬ ಹುಡುಗನನ್ನು ಕಳಿಸಿ. ಅಷ್ಟೇ ಕೆಲಸ. ಒಂದೂವರೆ ವರ್ಷ ಅವನು ಆ ಸ್ಟೂಲಿನ ಮೇಲೆ ಕೂತ.

ಒಂದು ಸಲ ಜ್ವರ ಬಂದು ಐದು ದಿನ ಹೋಗಲಿಲ್ಲ. ಅಪ್ಪ ಊರಲ್ಲಿರಲಿಲ್ಲ, ತಿಳಿಸುವುದು ನನಗೂ ಮರೆತುಹೋಗಿತ್ತು. ಆರನೇ ದಿನ ನೆನಪಾಗಿ, ಬೇಜಾರು ಮಾಡಿಕೊಂಡಿರುತ್ತಾರೇನೋ ಅಂತ ಹೆದರಿಕೊಂಡೇ ಫೋನ್ ಮಾಡಿದೆ. ಆ ಕಡೆಯಿಂದ, ‘ಓ ಹೌದಾ ಅಮ್ಮಾ, ಅವನು ಬಂದಿರಲಿಲ್ವಾ?’ ಅಂದರು.

ಅವರು ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಐದು ದಿನ ಒಬ್ಬ ಮನುಷ್ಯ ಇರಲಿಲ್ಲ ಅನ್ನುವುದು ಅಲ್ಲಿ ಯಾರಿಗೂ ಗೊತ್ತೇ ಆಗಿರಲಿಲ್ಲ. ಅದು ಕೆಲಸವೇ ಆಗಿರಲಿಲ್ಲ. ದಿನ ಕಳೆಯೋಕೆ ಒಂದು ಜಾಗ, ಅಷ್ಟೇ. ಪುಟ್ಟನಿಗೂ ಅದು ಗೊತ್ತಿತ್ತು ಅಂತ ನನಗೆ ಈಗ ಅನ್ನಿಸುತ್ತದೆ. ಭಾನುವಾರ ರಾತ್ರಿ ಆದರೆ ಸಾಕು, ಹೊಟ್ಟೆನೋವು ಅನ್ನುತ್ತಿದ್ದ. ನಾವು ಅದನ್ನು ಸೋಮಾರಿತನ ಅಂದುಕೊಂಡಿದ್ದೆವು.

ಅದಕ್ಕೂ ಮುಂಚಿನದು ಹೇಳಿಬಿಡುತ್ತೇನೆ. 18ರವರೆಗೆ ವಿಶೇಷ ಶಾಲೆ. ಆಮೇಲೆ ಅಲ್ಲೇ ಹಿಂದಿನ ಶೆಡ್ಡಿನಲ್ಲಿ ವೃತ್ತಿ ತರಬೇತಿ. ಮೇಣದ ಬತ್ತಿ, ಪೇಪರ್ ಕವರ್, ಫಿನಾಯಿಲ್. ನಾಲ್ಕು ವರ್ಷ ಅದನ್ನೇ ಮಾಡಿದ. ಕಲಿಸಿದವರ ತಾಳ್ಮೆ ದೊಡ್ಡದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ನನ್ನ ಅಭಿಪ್ರಾಯ ಇಷ್ಟೇ: ಮೇಣದ ಬತ್ತಿ ಮಾಡುವ ಕೆಲಸಕ್ಕೆ ಜನ ಬೇಕು ಅಂತ ಮೈಸೂರಿನಲ್ಲಿ ಯಾರೂ ಬೋರ್ಡು ಹಾಕಿಲ್ಲ. ದೀಪಾವಳಿ ಹೊತ್ತಿಗೆ ಕೆಲವರು ಬಂದು ‘ಮಕ್ಕಳು ಮಾಡಿದ್ದು’ ಅಂತ ಕೊಂಡುಕೊಂಡು ಹೋಗುತ್ತಾರೆ. ಮಾಡಿದವರಿಗೆ ಇಪ್ಪತ್ತು, ಇಪ್ಪತ್ತೈದು ವರ್ಷ. ಅವರು ಮಕ್ಕಳಲ್ಲ.

ಕೊರೊನಾ ಬಂತು, ಅಂಗಡಿಯೂ ನಿಂತಿತು. ಎರಡು ವರ್ಷ ಪುಟ್ಟ ಮನೆಯಲ್ಲೇ. ಬೆಳಿಗ್ಗೆ ಎದ್ದು ಟಿವಿ, ಊಟ, ಮತ್ತೆ ಟಿವಿ. ತೂಕ ಹೆಚ್ಚಿತು, ಮಾತು ಕಮ್ಮಿ ಆಯಿತು.

ಆಗ ಪರಿಚಯವಾದವರು ಒಬ್ಬರು ಜಾಬ್ ಕೋಚ್. ವಿಕಲಚೇತನರನ್ನು ಕೆಲಸಕ್ಕೆ ಸೇರಿಸಿ, ಅಲ್ಲೇ ಪಕ್ಕದಲ್ಲಿ ನಿಂತು ಕಲಿಸಿ, ಆಮೇಲೆ ನಿಧಾನವಾಗಿ ಪಕ್ಕಕ್ಕೆ ಸರಿಯುವುದೇ ಅವರ ಕೆಲಸ. ಅವರು ಮನೆಗೆ ಬಂದಾಗ ನಾನು ಸರ್ಟಿಫಿಕೇಟುಗಳ ಫೈಲ್ ತೆಗೆದಿಟ್ಟಿದ್ದೆ. ಮುಟ್ಟಲೂ ಇಲ್ಲ. ‘ಇವತ್ತು ಇಡೀ ದಿನ ನಾನು ಇಲ್ಲೇ ಇರ್ತೀನಿ. ಅವನು ದಿನಾ ಏನು ಮಾಡ್ತಾನೋ ಅದನ್ನೇ ಮಾಡಲಿ’ ಅಂದರು. ಅಮ್ಮನ ಜೊತೆ ಸೊಪ್ಪು ಬಿಡಿಸುತ್ತಾ ಕೂತರು. ಸುಮ್ನೆ ನೋಡುತ್ತಿದ್ದರು.

ಸಂಜೆ ಅಮ್ಮ ತಾರಸಿಯಿಂದ ಬಟ್ಟೆ ತಂದು ಮಂಚದ ಮೇಲೆ ಸುರಿದರು. ಪುಟ್ಟ ಟಿವಿ ಆರಿಸಿ ಎದ್ದು ಬಂದ. ಒಂದೊಂದಾಗಿ ಮಡಚತೊಡಗಿದ. ಅವನು ಮಡಚುವಾಗ ಅಂಚಿಗೆ ಅಂಚು ಸೇರಲೇಬೇಕು. ನಾನು ಒಂದು ಲುಂಗಿ ಮಡಚಿಟ್ಟಿದ್ದೆ, ಅದನ್ನು ಬಿಚ್ಚಿ ಮತ್ತೆ ಮಡಚಿದ. ‘ನೋಡಿ ಮೇಡಂ, ಇದೊಂದು ಹಠ ಅವನದು, ಬೈದರೂ ಬಿಡಲ್ಲ’ ಅಂತ ಅಮ್ಮ ಹೇಳಿದರು. ಕೋಚ್ ಮೇಡಂ ನಕ್ಕು, ‘ಅಮ್ಮಾ, ಹಠ ಅಲ್ಲ ಇದು. ಇದಕ್ಕೆ ಸಂಬಳ ಕೊಡೋರು ಇದ್ದಾರೆ’ ಅಂದರು.

ಹತ್ತು ವರ್ಷದಿಂದ ನಾವು ಬೈಯುತ್ತಿದ್ದ ವಿಷಯ ಅದು.

ಆಮೇಲೆ ಕೆಲಸ ಹುಡುಕುವುದು ಶುರುವಾಯಿತು. ಏಳು ಕಡೆ ಇಲ್ಲ ಅಂದರು. ಒಬ್ಬರು ಗೆಸ್ಟ್‌ಗಳು ಏನಂದುಕೊಳ್ಳುತ್ತಾರೋ ಅಂದರು, ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ, ಗೆಸ್ಟ್‌ಗಳು ಅಲ್ಲಿಗೆ ಬರುವುದೇ ಇಲ್ಲ. ಇನ್ನೊಬ್ಬರು ‘ನಮ್ಮಲ್ಲಿ ರ‍್ಯಾಂಪ್ ಇಲ್ಲ, ಕಷ್ಟ’ ಅಂದರು. ಪುಟ್ಟ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವನು. ವಿಕಲಚೇತನರು ಅಂದರೆ ವೀಲ್‌ಚೇರ್ ಮಾತ್ರ ಅನ್ನುವ ಚಿತ್ರ ಜನರ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ ಎದುರಿಗೆ ನಿಂತವನು ಕಾಣುವುದೇ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವಿಕಲತೆಗಳ ಪಟ್ಟಿ ಇದೆ. ಹಿಂದಿನ 1995ರ ಕಾಯ್ದೆಯಲ್ಲಿ ಇದ್ದದ್ದು ಏಳು. ಒಬ್ಬೊಬ್ಬರಿಗೆ ಬೇಕಾಗುವುದು ಒಂದೊಂದು.

ಎಂಟನೆಯ ಕಡೆ ಇಂಟರ್‌ವ್ಯೂಗೆ ಕರೆದರು. ಎಲ್ಲ ಪ್ರಶ್ನೆಗಳನ್ನೂ ನನಗೇ ಕೇಳುತ್ತಿದ್ದರು. ‘ಮಾತಾಡ್ತಾನಾ? ಸಿಟ್ಟು ಮಾಡ್ಕೊಳ್ತಾನಾ? ಏನು ಓದಿದ್ದಾನೆ?’ ಪುಟ್ಟ ಪಕ್ಕದಲ್ಲೇ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಕೂತಿದ್ದ. ಅವನ ಮಾತು ಹೊಸಬರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ, ಪ್ರಶ್ನೆ ಕೇಳಿದರೆ ಉತ್ತರ ಬರೋಕೆ ಸಮಯ ಬೇಕು. ಇಂಟರ್‌ವ್ಯೂ ಅನ್ನುವುದು ಮಾತಿನ ಪರೀಕ್ಷೆ. ಟವೆಲ್ ಮಡಚೋಕೆ ಮಾತು ಎಷ್ಟು ಬೇಕು? ಕೋಚ್ ಮೇಡಂ ಅಲ್ಲೇ ಹೇಳಿದರು, ಇಂಟರ್‌ವ್ಯೂ ಬೇಡ, ಮೂರು ದಿನ ಕೆಲಸ ಮಾಡಿಸಿ ನೋಡಿ, ಆಮೇಲೆ ಹೌದೋ ಅಲ್ಲವೋ ಹೇಳಿ ಅಂತ. ಒಪ್ಪಿಕೊಂಡರು. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಲಾಂಡ್ರಿ ಸೂಪರ್‌ವೈಸರ್, ನಂಜನಗೂಡು ಕಡೆಯ ಹೆಂಗಸು, ಅವನು ಮಡಚಿದ್ದ ಒಂದು ಟವೆಲ್ ಎತ್ತಿ ಬೆಳಕಿಗೆ ಹಿಡಿದು, ‘ಅಂಚು ಚೆನ್ನಾಗಿ ಕೂತಿದೆ’ ಅಂದರಂತೆ. ಆದರೆ ಅವನು ಅಷ್ಟು ಹೊತ್ತಿಗೆ ಮಡಚಿದ್ದು ಬರೀ 40. ಬೇರೆಯವರು 200 ಮುಗಿಸಿದ್ದರು.

ಇಲ್ಲಿಂದ ಮುಂದಿನದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಯಾಕೆಂದರೆ ಕೆಲಸ ಸಿಗುವುದು ಒಂದು ದಿನದ ವಿಷಯ, ಉಳಿಯುವುದು ಇದರಿಂದ.

ನಮ್ಮ ಕಡೆ ಹಿಂದಿನಿಂದ ಬಂದ ಪದ್ಧತಿ ಮೊದಲು ತರಬೇತಿ, ಆಮೇಲೆ ಕೆಲಸ. ವರ್ಷಗಟ್ಟಲೆ ಕಲಿಸು, ‘ತಯಾರಾದ’ ಅನ್ನಿಸಿದ ಮೇಲೆ ಹೊರಗೆ ಕಳಿಸು. ಬೌದ್ಧಿಕ ವಿಕಲತೆ ಇರುವವರಲ್ಲಿ ಇದು ಹೆಚ್ಚಾಗಿ ಸೋಲುತ್ತದೆ. ಕಾರಣ ಸರಳ. ಒಂದು ಜಾಗದಲ್ಲಿ ಕಲಿತದ್ದನ್ನು ಇನ್ನೊಂದು ಜಾಗಕ್ಕೆ ಹೊತ್ತುಕೊಂಡು ಹೋಗುವುದು ಅವರಿಗೆ ನಮ್ಮಷ್ಟು ಸುಲಭ ಅಲ್ಲ. ಶಾಲೆಯ ಶೆಡ್ಡಿನಲ್ಲಿ ಕರ್ಚೀಫು ಮಡಚೋಕೆ ಕಲಿತವನಿಗೆ ಹೋಟೆಲಿನ ಬಿಸಿ, ಡ್ರೈಯರ್ ಸದ್ದು, ದೊಡ್ಡ ಬೆಡ್‌ಶೀಟ್ ಎಲ್ಲ ಹೊಸತು, ಮತ್ತೆ ಮೊದಲಿಂದ ಕಲಿಯಬೇಕು. ಹಾಗಿದ್ದರೆ ಮೊದಲೇ ಹೋಟೆಲಿನಲ್ಲಿ, ಆ ಮೇಜಿನ ಮುಂದೆಯೇ, ಆ ಟವೆಲಿನಲ್ಲೇ ಕಲಿಸಿದರೆ ಆಯಿತಲ್ವಾ? ಮೊದಲು ಕೆಲಸ, ಅಲ್ಲೇ ತರಬೇತಿ. ಇದಕ್ಕೆ ಸಪೋರ್ಟೆಡ್ ಎಂಪ್ಲಾಯ್‌ಮೆಂಟ್ ಅನ್ನುತ್ತಾರೆ.

ಕೋಚ್ ಮೇಡಂ ಎರಡು ದಿನ ತಾವೇ ನಿಂತು ಟವೆಲ್ ಮಡಚಿದರು. ಮಡಚುತ್ತಾ ಮಡಚುತ್ತಾ ಆ ಕೆಲಸವನ್ನು 11 ಹೆಜ್ಜೆಗಳಾಗಿ ಒಡೆದು ಬರೆದುಕೊಂಡರು. ಬುಟ್ಟಿಯಿಂದ ತೆಗಿ. ಹಾಸು. ಕಲೆ ಇದೆಯಾ ನೋಡು. ಇದ್ದರೆ ಕೆಂಪು ಬುಟ್ಟಿಗೆ ಹಾಕು. ಹೀಗೆ. ಆಮೇಲೆ ಪುಟ್ಟ ಯಾವ ಹೆಜ್ಜೆಯಲ್ಲಿ ನಿಲ್ಲುತ್ತಾನೆ ಅಂತ ಪಟ್ಟಿಯಲ್ಲಿ ಗುರುತು ಹಾಕುತ್ತಾ ಹೋದರು. ‘ಇವನಿಗೆ ಬರಲ್ಲ’ ಅಂತ ನಾವು ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. 11ರಲ್ಲಿ ಎಂಟು ಹೆಜ್ಜೆ ಅವನಿಗೆ ಮೊದಲ ದಿನವೇ ಬರುತ್ತಿತ್ತು. ತೊಡಕು ಇದ್ದದ್ದು ಮೂರರಲ್ಲಿ.

ಒಂದು, ಎಷ್ಟು ಅಗಲಕ್ಕೆ ಮಡಚಬೇಕು ಅನ್ನುವುದು. ಅವನು ಪ್ರತಿಸಲ ಅಳೆದು ನೋಡಿ ಬಿಚ್ಚಿ ಮತ್ತೆ ಮಡಚುತ್ತಿದ್ದ, ಅದಕ್ಕೇ ನಿಧಾನ. ಮೇಜಿನ ಮೇಲೆ ನೀಲಿ ಟೇಪ್ ಅಂಟಿಸಿ ಚೌಕ ಮಾಡಿದರು. ಟವೆಲ್ ಆ ಚೌಕದೊಳಗೆ ಕೂತರೆ ಸರಿ. ಮತ್ತೆ ಬಿಚ್ಚುವುದು ನಿಂತಿತು.

ಎರಡನೆಯದು ಕಲೆ. ಇದು ತುಂಬಾ ದಿನ ಕಾಡಿತು. ಕಲೆ ಇದ್ದರೆ ಕೆಂಪು ಬುಟ್ಟಿಗೆ ಅಂತ ಹೇಳಿದ್ದಕ್ಕೆ, ಹೋಟೆಲಿನ ಹೆಸರು ನೇಯ್ದ ಜಾಗದ ನೆರಳನ್ನೂ ಕಲೆ ಅಂದುಕೊಂಡು ಎಲ್ಲವನ್ನೂ ಕೆಂಪು ಬುಟ್ಟಿಗೆ ಹಾಕುತ್ತಿದ್ದ. ಕಲೆ ಅಂದರೆ ಏನು ಅಂತ ಬಾಯಲ್ಲಿ ಹೇಳಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಕೊನೆಗೆ ಹಳೆಯ ಟವೆಲುಗಳನ್ನು ಗೋಡೆಗೆ ನೇತುಹಾಕಿದರು. ಒಂದರಲ್ಲಿ ಟೀ ಕಲೆ, ಒಂದರಲ್ಲಿ ಅರಿಶಿನ, ಒಂದರಲ್ಲಿ ಲಿಪ್‌ಸ್ಟಿಕ್, ಒಂದರಲ್ಲಿ ಎಣ್ಣೆ. ಸುತ್ತ ಮಾರ್ಕರಿನಲ್ಲಿ ಗೆರೆ. ಪಕ್ಕದಲ್ಲಿ ಒಂದು ಚೊಕ್ಕ ಟವೆಲ್. ಅನುಮಾನ ಬಂದರೆ ಪುಟ್ಟ ಹೋಗಿ ಹೋಲಿಸಿ ನೋಡಿ ಬರುತ್ತಾನೆ. ಈಗ ಹೊಸದಾಗಿ ಸೇರಿದ ಹುಡುಗರಿಗೂ ಅದೇ ಗೋಡೆ ತೋರಿಸಿ ಕಲಿಸುತ್ತಾರೆ.

ಮೂರನೆಯದು ಎಣಿಕೆ. ಹತ್ತು ಟವೆಲಿಗೆ ಒಂದು ಕಟ್ಟು. ಪುಟ್ಟನಿಗೆ ಹತ್ತರವರೆಗೆ ಎಣಿಸೋಕೆ ಬರುತ್ತದೆ, ಆದರೆ ಮಧ್ಯದಲ್ಲಿ ಯಾರಾದರೂ ಮಾತಾಡಿಸಿದರೆ ಎಲ್ಲಿದ್ದೆ ಅನ್ನುವುದು ಮರೆತುಹೋಗುತ್ತದೆ. ಒಬ್ಬ ಆಚಾರಿ ಹಳೆಯ ಪ್ಲೈವುಡ್ಡಿನಲ್ಲಿ ಹತ್ತು ಖಾನೆಯ ಒಂದು ಗೂಡು ಮಾಡಿಕೊಟ್ಟರು, 600 ರೂಪಾಯಿ ತೆಗೆದುಕೊಂಡರು. ಖಾನೆಗೊಂದು ಟವೆಲ್. ಖಾಲಿ ಖಾನೆ ಕಂಡರೆ ಇನ್ನೂ ಆಗಿಲ್ಲ ಅಂತ. ಎಣಿಸುವ ಅಗತ್ಯವೇ ಇಲ್ಲ.

ಕಾಯ್ದೆಯಲ್ಲಿ ಇದಕ್ಕೆ ರೀಸನಬಲ್ ಅಕಾಮಡೇಷನ್, ಅಂದರೆ ಆ ವ್ಯಕ್ತಿ ಕೆಲಸ ಮಾಡೋಕೆ ಬೇಕಾದ ಹೊಂದಾಣಿಕೆ, ಅನ್ನುವ ಹೆಸರಿದೆ. ಆ ಹೆಸರು ಕೇಳಿದರೆ ಮಾಲೀಕರು ಲಕ್ಷಾಂತರ ಖರ್ಚು ಅಂದುಕೊಂಡು ಬೆಚ್ಚಿಬೀಳುತ್ತಾರೆ. ಪುಟ್ಟನ ವಿಷಯದಲ್ಲಿ ಅದು ಒಂದು ಸುರುಳಿ ಟೇಪ್, ಹಳೆಯ ಐದು ಟವೆಲ್, 600 ರೂಪಾಯಿಯ ಗೂಡು. ಮೂರನೇ ತಿಂಗಳಿಗೆ ಅವನ ವೇಗ ಬೇರೆಯವರ ಮುಕ್ಕಾಲು ಭಾಗಕ್ಕೆ ಬಂತು. ಎಣಿಕೆಯಲ್ಲಿ ತಪ್ಪೇ ಇಲ್ಲ.

ಕೋಚ್ ಮೇಡಂ ಮೊದಲ ಎರಡು ವಾರ ಪೂರ್ತಿ ದಿನ ಇರುತ್ತಿದ್ದರು. ಆಮೇಲೆ ಅರ್ಧ ದಿನ. ಎರಡನೇ ತಿಂಗಳು ವಾರಕ್ಕೆ ಎರಡು ಸಲ. ಆಮೇಲೆ ಬರೀ ಫೋನು. ಹೀಗೆ ಹಿಂದೆ ಸರಿಯುವಾಗ ಅವರು ಅವನನ್ನು ಒಬ್ಬನೇ ಬಿಟ್ಟು ಹೋಗಲಿಲ್ಲ, ತಾವು ಮಾಡುತ್ತಿದ್ದದ್ದನ್ನು ಸೂಪರ್‌ವೈಸರ್ ಅಕ್ಕನ ಕೈಗೆ ದಾಟಿಸುತ್ತಾ ಹೋದರು. ಹೇಗೆ ಹೇಳಬೇಕು, ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು, ಹೇಳಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಕಾಯಬೇಕು. ಆ ಕಾಯುವುದನ್ನು ನಾನು ಅಕ್ಕನಾಗಿ 28 ವರ್ಷದಲ್ಲಿ ಕಲಿತಿರಲಿಲ್ಲ. ಅವನ ಬದಲು ನಾನೇ ಉತ್ತರ ಕೊಟ್ಟುಬಿಡುತ್ತಿದ್ದೆ.

ಬಸ್ಸಿನ ವಿಷಯ. ನಮ್ಮ ಮನೆ ಕುವೆಂಪುನಗರ. ಅಲ್ಲಿಂದ ಸಿಟಿ ಬಸ್ ಸ್ಟ್ಯಾಂಡ್, ಅಲ್ಲಿಂದ ಹದಿನೈದು ನಿಮಿಷ ನಡಿಗೆ. ಅಪ್ಪ ಸ್ಕೂಟರಿನಲ್ಲಿ ಬಿಡುತ್ತೇನೆ ಅಂದರು. ಕೋಚ್ ಮೇಡಂ ಬೇಡ ಅಂದರು, ಅಪ್ಪನಿಗೆ 66, ಸ್ಕೂಟರ್ ಎಷ್ಟು ವರ್ಷ ಓಡುತ್ತದೆ? ಹನ್ನೆರಡು ದಿನ ನಾನು ಅವನ ಪಕ್ಕದ ಸೀಟಿನಲ್ಲಿ ಕೂತು ಹೋದೆ. ಆಮೇಲೆ ಹಿಂದಿನ ಸೀಟು. ಆಮೇಲೆ ಬಸ್ಸಿನ ಹಿಂದೆ ನನ್ನ ಗಾಡಿಯಲ್ಲಿ. ಆಮೇಲೆ ಮನೆಯಲ್ಲಿ ಫೋನ್ ಹಿಡಿದುಕೊಂಡು. ಅಮ್ಮ ಆ ಮೊದಲ ವಾರ ಬೆಳಿಗ್ಗೆ ತಿಂಡಿ ತಿನ್ನಲಿಲ್ಲ, ಹೋಟೆಲಿನಿಂದ ‘ಬಂದ’ ಅಂತ ಮೆಸೇಜ್ ಬಂದ ಮೇಲೇ ತಟ್ಟೆ ಮುಂದೆ ಕೂರುತ್ತಿದ್ದರು.

ಒಂದು ದಿನ ತಪ್ಪಿತು. ದಸರಾಕ್ಕೆ ಮುಂಚೆ ಆನೆಗಳ ತಾಲೀಮು ಇರುತ್ತದಲ್ಲ, ಅರಮನೆಯಿಂದ ಬನ್ನಿಮಂಟಪಕ್ಕೆ. ಸಯ್ಯಾಜಿರಾವ್ ರಸ್ತೆ ಬಂದ್ ಮಾಡಿದ್ದರು, ಬಸ್ಸುಗಳು ಬೇರೆ ಕಡೆ ನಿಲ್ಲುತ್ತಿದ್ದವು. ಪುಟ್ಟ ದಿನಾ ನಿಲ್ಲುವ ಜಾಗದಲ್ಲೇ ಒಂದೂವರೆ ಗಂಟೆ ನಿಂತಿದ್ದ. ನಾವಿಲ್ಲಿ ಒದ್ದಾಡುತ್ತಿದ್ದೇವೆ, ಫೋನ್ ತೆಗೆಯುತ್ತಿಲ್ಲ. ಆಮೇಲೆ ಅವನೇ ಒಬ್ಬ ಕಂಡಕ್ಟರ್ ಹತ್ತಿರ ಹೋಗಿ ಕೊರಳಲ್ಲಿದ್ದ ಕಾರ್ಡ್ ತೋರಿಸಿದ್ದಾನೆ, ಅದರಲ್ಲಿ ನನ್ನ ನಂಬರ್ ಇತ್ತು. ಅವರು ಫೋನ್ ಮಾಡಿ, ಸರಿಯಾದ ಬಸ್ಸಿಗೆ ಹತ್ತಿಸಿದರು. ಮನೆಗೆ ಬಂದವನ ಮುಖದಲ್ಲಿ ಭಯ ಇರಲಿಲ್ಲ. ‘ಆನೆ ನೋಡ್ದೆ’ ಅಂದ. ಅಪ್ಪ ಮಾತ್ರ ಕೆಲಸ ಸಾಕು ಬಿಡಿಸಿಬಿಡೋಣ ಅಂದರು, ಎರಡು ದಿನ ಮನೆಯಲ್ಲಿ ದೊಡ್ಡ ಜಗಳ.

ಅಪ್ಪನ ಹೆದರಿಕೆಗೆ ಇನ್ನೊಂದು ಕಾರಣ ಇತ್ತು, ಅದನ್ನು ಅವರು ಬಹಳ ದಿನ ಬಾಯಿಬಿಟ್ಟು ಹೇಳಿರಲಿಲ್ಲ. ಅಪ್ಪ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿದ್ದು ರಿಟೈರ್ ಆದವರು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಪುಟ್ಟನಿಗೆ ಜೀವನಪೂರ್ತಿ ಫ್ಯಾಮಿಲಿ ಪೆನ್ಷನ್ ಬರಬೇಕು, ದುಡಿಯೋಕೆ ಶುರುಮಾಡಿದರೆ ಅದು ಕೈತಪ್ಪಿ ಹೋಗುತ್ತದೆ ಅಂತ ಅವರಿಗೆ ಯಾರೋ ಹೇಳಿದ್ದರು. ಇದು ಸಣ್ಣ ಮಾತಲ್ಲ. ಸರ್ಕಾರಿ ನೌಕರರ ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಕೆಲಸಕ್ಕೆ ಕಳಿಸದೇ ಇರುವುದಕ್ಕೆ ಇದೇ ಕಾರಣ. ಮೊದಲು ಬೇರೆ ಆದಾಯ ತಿಂಗಳಿಗೆ 9000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆ ಮೀರಿದರೆ ಆ ಪೆನ್ಷನ್ ಸಿಗುತ್ತಿರಲಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಅದನ್ನು ಬದಲಿಸಿತು. ಈಗ ಬೇರೆ ಆದಾಯ ಆ ಫ್ಯಾಮಿಲಿ ಪೆನ್ಷನ್ನಿಗಿಂತ, ಅಂದರೆ ಕೊನೆಯ ಸಂಬಳದ ಶೇ 30 ಮತ್ತು ಅದರ ಮೇಲಿನ ತುಟ್ಟಿಭತ್ಯೆಗಿಂತ, ಕಡಿಮೆ ಇದ್ದರೆ ಪೆನ್ಷನ್ ಸಿಗುತ್ತದೆ. ನಾನು ಅಪ್ಪನ ಕೊನೆಯ ಸಂಬಳದ ಚೀಟಿ ತೆಗೆದು ಲೆಕ್ಕ ಹಾಕಿ ತೋರಿಸಿದೆ. ಅವರು ಅದನ್ನು ಮೂರು ಸಲ ಓದಿದರು. ಅವತ್ತಿನಿಂದ ಬೆಳಿಗ್ಗೆ ಪುಟ್ಟನ ಟಿಫಿನ್ ಬಾಕ್ಸ್ ಅವರೇ ತೊಳೆದಿಡುತ್ತಾರೆ. ನಿಮ್ಮ ಮನೆಯಲ್ಲೂ ಇಂಥ ಹೆದರಿಕೆ ಇದ್ದರೆ ದಯವಿಟ್ಟು ಪೆನ್ಷನ್ ಕಚೇರಿಗೆ ಹೋಗಿ ನಿಮ್ಮ ಲೆಕ್ಕ ನೀವೇ ಕೇಳಿ, ಯಾರೋ ಹೇಳಿದ್ದನ್ನು ನಂಬಿ ಮಕ್ಕಳನ್ನು ಮನೆಯಲ್ಲಿ ಕೂರಿಸಬೇಡಿ.

ಬ್ಯಾಂಕ್ ಖಾತೆ ಇನ್ನೊಂದು ತಲೆನೋವು. ಸಂಬಳ ಖಾತೆಗೇ ಬರಬೇಕು, ಒಂದು ಬ್ಯಾಂಕಿನಲ್ಲಿ ಗಾರ್ಡಿಯನ್ ಸರ್ಟಿಫಿಕೇಟ್, ಅಂದರೆ ಕಾನೂನಿನ ಪ್ರಕಾರ ಅವನ ಪೋಷಕರು ಯಾರು ಅನ್ನುವ ಪತ್ರ, ಇಲ್ಲದೆ ಖಾತೆ ತೆರೆಯಲ್ಲ ಅಂದರು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಆ ಸರ್ಟಿಫಿಕೇಟ್ ಕೊಡುತ್ತದೆ. ನಮಗೆ ತಿಂಗಳುಗಳೇ ಹಿಡಿದವು. ಮಗ ಅಥವಾ ಮಗಳಿಗೆ 18 ತುಂಬಿದ ಕೂಡಲೇ ಇದರ ಬಗ್ಗೆ ವಿಚಾರಿಸಿಟ್ಟುಕೊಳ್ಳಿ. ಕೆಲಸ ಸಿಕ್ಕ ಮೇಲೆ ಓಡಾಡಿದರೆ ಸಂಬಳ ಕಾಯುತ್ತಾ ಕೂತಿರುತ್ತದೆ.

ಸಂಬಳದ ಬಗ್ಗೆ ನಾನು ಪಟ್ಟು ಹಿಡಿದದ್ದು ಒಂದೇ. ಅಲ್ಲಿ ಅದೇ ಕೆಲಸ ಮಾಡುವ ಉಳಿದವರಿಗೆ ಎಷ್ಟೋ ಪುಟ್ಟನಿಗೂ ಅಷ್ಟೇ, ಪಿಎಫ್, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಸೇರಿ. ‘ಅವನಿಗೆ ಯಾಕೆ ಅಷ್ಟು ದುಡ್ಡು, ಖರ್ಚು ಏನಿದೆ’ ಅಂತ ಸಂಬಂಧಿಕರೇ ಕೇಳಿದರು. ಹೀಗೆ ಕೇಳುವವರು ತಮ್ಮ ಸಂಬಳ ತಮ್ಮ ಖರ್ಚಿನ ಲೆಕ್ಕದಲ್ಲಿ ತಗೊಳ್ಳುವುದಿಲ್ಲ ಅಲ್ವಾ? ಅಂದಹಾಗೆ ಇಎಸ್‌ಐಗೆ ಉಳಿದವರಿಗೆ ತಿಂಗಳ ಸಂಬಳದ ಮಿತಿ 21,000 ಇದ್ದರೆ ವಿಕಲಚೇತನರಿಗೆ 25,000. ಇದು ಎಷ್ಟೋ ಕಂಪನಿಗಳ ಎಚ್‌ಆರ್‌ನವರಿಗೇ ಗೊತ್ತಿಲ್ಲ.

ಆ ಇಎಸ್‌ಐ ನಮಗೆ ಬೇಗನೇ ಬೇಕಾಯಿತು. ಎಂಟನೇ ತಿಂಗಳಲ್ಲಿ ಸೂಪರ್‌ವೈಸರ್ ಅಕ್ಕ ಫೋನ್ ಮಾಡಿ, ‘ಇತ್ತೀಚೆಗೆ ತೂಕಡಿಸ್ತಾನೆ, ಕೈ ಓಡಲ್ಲ’ ಅಂದರು. ಬೇಸರ ಬಂದಿದೆ, ಬಿಟ್ಟುಬಿಡುತ್ತಾನೆ ಅಂತ ಎಲ್ಲರೂ ಅಂದುಕೊಂಡೆವು. ಕೋಚ್ ಮೇಡಂ ಮಾತ್ರ ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂದರು. ಥೈರಾಯ್ಡ್ ಕಮ್ಮಿಯಾಗಿತ್ತು. ಡೌನ್ ಸಿಂಡ್ರೋಮ್ ಇರುವವರಲ್ಲಿ ಈ ತೊಂದರೆ ಜಾಸ್ತಿ, ವರ್ಷಕ್ಕೊಮ್ಮೆ ನೋಡಿಸಬೇಕು. ಮಾತ್ರೆ ಶುರುಮಾಡಿದ ಮೇಲೆ ಕೆಲವು ವಾರಗಳಲ್ಲಿ ಕೈ ಮತ್ತೆ ಓಡಿತು. ಆ ಪರೀಕ್ಷೆ ಮಾಡಿಸದೇ ಹೋಗಿದ್ದರೆ ‘ಇಂಥವರು ಇಷ್ಟೇ, ಎಂಟು ತಿಂಗಳಿಗೇ ಬೇಸರ’ ಅನ್ನುವ ಮಾತು ಅಲ್ಲಿ ಶಾಶ್ವತವಾಗಿ ಉಳಿದುಬಿಡುತ್ತಿತ್ತು, ಅವನ ನಂತರ ಬರುವವರಿಗೂ ಬಾಗಿಲು ಮುಚ್ಚಿರುತ್ತಿತ್ತು.

ಕಾನೂನಿನ ಬಗ್ಗೆ ಸ್ವಲ್ಪ. ಸರ್ಕಾರಿ ಕೆಲಸದಲ್ಲಿ ವಿಕಲಚೇತನರಿಗೆ ಶೇ 4 ಮೀಸಲಾತಿ, ಅದರಲ್ಲಿ ಆಟಿಸಂ, ಬೌದ್ಧಿಕ ವಿಕಲತೆ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಕಲತೆ ಎಲ್ಲ ಸೇರಿ ಶೇ 1. ಆದರೆ ಹುದ್ದೆಗೆ ಓದು, ಪರೀಕ್ಷೆ ಬೇಕು, ಪುಟ್ಟನಿಗೆ ಅದು ದೂರ. ಖಾಸಗಿಯವರಿಗೆ ಮೀಸಲಾತಿ ಕಡ್ಡಾಯ ಇಲ್ಲ. ಶೇ 5ರಷ್ಟು ವಿಕಲಚೇತನರು ಇರುವ ಹಾಗೆ ಸರ್ಕಾರ ಅವರಿಗೆ ಪ್ರೋತ್ಸಾಹ ಕೊಡಬೇಕು ಅಂತ ಮಾತ್ರ ಇದೆ. ಆದರೆ 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಖಾಸಗಿ ಸಂಸ್ಥೆ ತನ್ನ ಸಮಾನ ಅವಕಾಶ ನೀತಿಯಲ್ಲಿ ಯಾವ ಹುದ್ದೆಗಳು ವಿಕಲಚೇತನರಿಗೆ ಹೊಂದುತ್ತವೆ, ಏನು ಸೌಲಭ್ಯ ಕೊಡುತ್ತೇವೆ ಅಂತ ಬರೆದು ಪ್ರಕಟಿಸಲೇಬೇಕು. ನೀವು ಕೆಲಸ ಕೇಳೋಕೆ ಹೋದಾಗ ಆ ನೀತಿ ತೋರಿಸಿ ಅಂತ ಕೇಳಿ. ಜಗಳಕ್ಕಲ್ಲ. ಮಾತು ಅಲ್ಲಿಂದ ಶುರುವಾದರೆ ದಾನ ಕೇಳೋಕೆ ಬಂದವರ ಹಾಗೆ ನಿಲ್ಲಬೇಕಾಗಿಲ್ಲ.

ಪುಟ್ಟನಿಂದಾಗಿ ನನಗೆ ಬೇರೆ ಬೇರೆ ವಿಕಲತೆ ಇರುವ ಗೆಳೆಯರು ಸಿಕ್ಕಿದ್ದಾರೆ. ಕಣ್ಣು ಕಾಣದ ಒಬ್ಬರು ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನುವ ಉಚಿತ ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್) ಬಳಸಿ ನನಗಿಂತ ಬೇಗ ಕೆಲಸ ಮುಗಿಸುತ್ತಾರೆ. ಒಂದು ದಿನ ಅವರ ಆಫೀಸಿನಲ್ಲಿ ಸಾಫ್ಟ್‌ವೇರ್ ಬದಲಾಯಿಸಿದರು, ಹೊಸದರಲ್ಲಿ ಬಟನ್‌ಗಳನ್ನು ಸ್ಕ್ರೀನ್ ರೀಡರ್ ಓದುತ್ತಿರಲಿಲ್ಲ. ಮೂರು ತಿಂಗಳು ಅವರು ಪಕ್ಕದವರನ್ನು ಕೇಳಿ ಕೇಳಿ ಕೆಲಸ ಮಾಡಬೇಕಾಯಿತು. ಒಂದೇ ದಿನದಲ್ಲಿ ಅವರಿಗೆ ಕೆಲಸ ಬಾರದವರ ಹಾಗೆ ಆಗಿಹೋಯಿತು, ಅವರಲ್ಲಿ ಏನೂ ಬದಲಾಗಿರಲಿಲ್ಲ. ವೀಲ್‌ಚೇರ್ ಬಳಸುವ ಇನ್ನೊಬ್ಬ ಗೆಳತಿ ಕೆಲಸದ ದಿನ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಆಫೀಸಿನಲ್ಲಿ ರ‍್ಯಾಂಪ್ ಇದೆ, ಲಿಫ್ಟ್ ಇದೆ, ಟಾಯ್ಲೆಟ್ಟಿನ ಬಾಗಿಲು ಮಾತ್ರ ಕಿರಿದು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಎಲ್ಲಿಗೆ ಹೋಗಬೇಕು ಅಂತ ಕೇಳುವವರಿಗೆ: ಹಳ್ಳಿಯವರಾದರೆ ಮೊದಲು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು), ಇವರೇ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಿಂದ ಹಿಡಿದು ಎಲ್ಲಕ್ಕೂ ದಾರಿ ಹೇಳುವವರು. ಬೆಂಗಳೂರಿನಲ್ಲಿ ವಿಕಲಚೇತನರಿಗಾಗಿ ಕೆಲಸ ಮಾಡುವ ಸಂಸ್ಥೆಗಳಿವೆ: ಎನ್.ಎಸ್. ಹೇಮಾ 1959ರಲ್ಲಿ ಶುರುಮಾಡಿದ ಎಪಿಡಿ ಇದೆ, 1997ರಿಂದ ಸಮರ್ಥನಂ ಇದೆ, 1999ರಿಂದ ಎನೇಬಲ್ ಇಂಡಿಯಾ ಇದೆ. ಎನೇಬಲ್ ಇಂಡಿಯಾ ಶುರುವಾದದ್ದರ ಹಿಂದೆ, ಅದನ್ನು ಕಟ್ಟಿದ ಶಾಂತಿ ರಾಘವನ್ ಅವರ ತಮ್ಮ ದೃಷ್ಟಿ ಕಳೆದುಕೊಂಡ ಅನುಭವ ಇದೆ ಅಂತ ತಿಳಿದಾಗ, ಗುರುತಿಲ್ಲದ ಅವರು ನನಗೆ ತೀರಾ ಹತ್ತಿರದವರ ಹಾಗೆ ಅನ್ನಿಸಿದರು. ವಿಕಲಚೇತನರು ಕೆಲಸ ಮಾಡುವ ಮಿಟ್ಟಿ ಕೆಫೆಯನ್ನು ಎಲ್ಲರೂ ಬೆಂಗಳೂರಿನದು ಅಂದುಕೊಳ್ಳುತ್ತಾರೆ, ಅದು 2017ರಲ್ಲಿ ಶುರುವಾದದ್ದು ನಮ್ಮ ಹುಬ್ಬಳ್ಳಿಯಲ್ಲಿ.

ಇನ್ನು ಈ ಬರಹಕ್ಕೆ ಹೆಸರು ಕೊಟ್ಟ ಫೋನಿನ ವಿಷಯ. ಪುಟ್ಟ ಸೇರಿದ ಮೇಲೆ ಬಂದ ಮೊದಲ ದಸರಾ. ಊರಿನಲ್ಲಿ ಒಂದು ರೂಮೂ ಖಾಲಿ ಇಲ್ಲ, ಲಾಂಡ್ರಿಗೆ ದಿನಕ್ಕೆ ಎರಡು ಪಟ್ಟು ಬಟ್ಟೆ. ಅವನಿಗೆ ರಾತ್ರಿ ಜ್ವರ ಬಂತು. ಬೆಳಿಗ್ಗೆ ನಾನು ತಿಳಿಸಬೇಕು ಅಂದುಕೊಂಡು ಕಾಫಿ ಕಾಯಿಸುತ್ತಿದ್ದೆ. ಏಳೂಕಾಲಿಗೆ ಹೋಟೆಲಿನವರದೇ ಫೋನ್. ‘ಏನಮ್ಮಾ, ಪುಟ್ಟ ಇವತ್ತು ಯಾಕೆ ಬಂದಿಲ್ಲ? ಇಲ್ಲಿ ಟವೆಲ್ ರಾಶಿ ಬಿದ್ದಿದೆ. ಬರಲ್ಲ ಅಂದ್ರೆ ನಿನ್ನೆನೇ ಹೇಳಬಾರದಾ?’ ಒಳ್ಳೆ ಜೋರಾಗಿಯೇ ಕೇಳಿದರು. ನಾನು ಕ್ಷಮೆ ಕೇಳಿ ಫೋನ್ ಇಟ್ಟೆ. ಅಮ್ಮ ಗಾಬರಿಯಿಂದ, ‘ಬೈದ್ರಾ?’ ಅಂದರು. ‘ಹೂಂ ಅಮ್ಮಾ, ಬೈದ್ರು’ ಅಂದೆ. ಹೇಳುವಾಗ ನನ್ನ ಗಂಟಲು ಕಟ್ಟಿತ್ತು. ಅಮ್ಮನಿಗೆ ಅರ್ಥವಾಯಿತು. ಸ್ಟೂಲಿನ ಅಂಗಡಿ ಅವರೂ ಮರೆತಿರಲಿಲ್ಲ.

ಮೊನ್ನೆ ಹೋಟೆಲಿನಿಂದ ಸುದ್ದಿ ಬಂತು, ಲಾಂಡ್ರಿ ಹಿಂದಿನ ಕಟ್ಟಡಕ್ಕೆ ಹೋಗುತ್ತಿದೆ. ಹೊಸ ಮೇಜು, ಹೊಸ ಅಳತೆಯ ಬೆಡ್‌ಶೀಟ್, ಮುಂದಿನ ತಿಂಗಳು ಸೂಪರ್‌ವೈಸರ್ ಅಕ್ಕನೂ ಬೇರೆ ಕಡೆಗೆ. ನನಗೆ ಮತ್ತೆ ಆ ಹಳೆಯ ಹೆದರಿಕೆ ಶುರುವಾಗಿದೆ. ಕೋಚ್ ಮೇಡಂಗೆ ಫೋನ್ ಮಾಡಿದ್ದೇನೆ, ಒಂದು ವಾರ ಬರುತ್ತೇನೆ ಅಂದಿದ್ದಾರೆ. ನಾನೂ ಸೋಮವಾರ ರಜೆ ಹಾಕಿದ್ದೇನೆ. ನಿನ್ನೆ ಸಂಜೆ ಪುಟ್ಟ ಅಂಗಡಿಗೆ ಹೋಗಿ ತನ್ನ ದುಡ್ಡಿನಲ್ಲೇ ನೀಲಿ ಟೇಪ್ ತಂದಿಟ್ಟಿದ್ದಾನೆ. ಅಗಲದ್ದು, ಎರಡು ಸುರುಳಿ. ನಾನು ಬ್ಯಾಗಿಗೆ ಹಾಕಿಕೊಳ್ಳೋಕೆ ಹೋದರೆ ಕೈ ಹಿಡಿದ. ಮಾತು ಬರೋಕೆ ಸ್ವಲ್ಪ ಹೊತ್ತು ಹಿಡಿಯಿತು, ಕಾದೆ.

‘ಅಕ್ಕ, ನೀನು ಕತ್ತರಿ ತಗೊಂಡು ಬಾ. ಟೇಪ್ ನಾನು ಅಂಟಿಸ್ತೀನಿ.’